ಅಂದಾಜಿಗೆ ಒತ್ತಿದ ಗುಂಡಿ

ನನ್ನ ಮುದ್ದಿನ ಅವ್ವಾ,

ರಾಮದುರ್ಗದಲ್ಲಿ ಎಲ್ಲರೂ ಆರಾಮವೇ? ಫೋನು ಬಿಟ್ಟು ಕಾಗದ ಯಾಕೆಂದು ಗಾಬರಿಯಾಗಬೇಡ. ಫೋನಿನಲ್ಲಿ ನೀನು ಹೇಳುವುದು ಅರ್ಧವೂ ನನಗೆ ಕೇಳುವುದಿಲ್ಲ. ಮದುವೆಯಾದ ಈ ಮೂರು ತಿಂಗಳು ಬರೀ ‘ಹ್ಞೂಂ ಅವ್ವಾ’ ಎಂದಿದ್ದೇನೆ.

ಸಂಗೊಳ್ಳಿಯ ಈ ಮನೆ ಎಷ್ಟು ಚೆಂದ, ನಿನ್ನ ಅಳಿಯ ಎಷ್ಟು ಒಳ್ಳೆಯವರು! ಹೀಗೆ ಹತ್ತು ಪುಟ ಬರೆಯುವವಳು ನಾನು. ಇವತ್ತು ಯಾಕೋ ಒಳಗೆ ಏನೂ ಅನಿಸುತ್ತಿಲ್ಲ.

ಅತ್ತೆ ಓಣಿಗೆಲ್ಲ ಹೇಳಿಕೊಂಡಿದ್ದರು: ‘ಇಂಗ್ಲಿಷ್ ಸಾಲಿ ಕಲ್ತಾಕಿ ಅಂತ ಅಂಜಿದ್ದೆ. ಎಷ್ಟ ಬೈದ್ರೂ ತಿರುಗಿ ಮಾತಾಡಂಗಿಲ್ಲ ನೋಡ್ರಿ ನನ್ನ ಸೊಸಿ!’ ಬೈದದ್ದೇ ನನಗೆ ಗೊತ್ತಿರಲಿಲ್ಲ ಅವ್ವಾ. ತಲೆತುಂಬ ಸೆರಗು, ಮುಖತುಂಬ ನಗು.

ಹೋದ ವಾರ ಅತ್ತೆ ಹಿತ್ತಲಲ್ಲಿ ಜಾರಿ ಬಿದ್ದು ಕೂಗಿದ್ದಾರೆ. ಹತ್ತು ಹೆಜ್ಜೆ ಈಚೆ ನಾನು ರೊಟ್ಟಿ ಸುಡುತ್ತಿದ್ದೆ. ಪಕ್ಕದ ಮನೆಯ ದೇವಕ್ಕ ಓಡಿಬಂದು ಎತ್ತಿದಳು. ಅತ್ತೆ ಕುಂಟುತ್ತ ಬಂದು ನನ್ನ ಗದ್ದ ಹಿಡಿದರು. ‘ಪೂನಮ್, ಖರೇ ಹೇಳ. ಕೇಳಸ್ಲಿಲ್ಲೇನು?’

ಮರುದಿನವೇ ಇವರು, ಅತ್ತೆ ಇಬ್ಬರೂ ಬೆಳಗಾವಿಗೆ ಕಿವಿ ಡಾಕ್ಟರ ಹತ್ತಿರ ಕರೆದೊಯ್ದರು. ಗಾಜಿನ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟರು. ಸದ್ದು ಕೇಳಿದಾಗ ಒತ್ತಬೇಕು. ಯಾವ ಪರೀಕ್ಷೆಯಲ್ಲಿ ಸೋತವಳು ನಾನು? ಗಾಜಿನಾಚೆ ಕೂತವಳ ಬೆರಳು ಅಲುಗಿದಾಗಲೆಲ್ಲ ಅಂದಾಜಿಗೆ ಒತ್ತಿದೆ. ಆಕೆ ನಕ್ಕು, ಎದ್ದು ಬಂದು, ನನ್ನ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದಳು. ಆಮೇಲೆ ಎಡಗಿವಿಗೆ ಒಮ್ಮೆಯೂ ಒತ್ತಲಿಲ್ಲ. ಬಿಳಿ ಗೋಡೆ. ಅಷ್ಟೇ.

‘ಯಾವಾಗಿಂದ ಹಿಂಗೈತಿ?’ ಡಾಕ್ಟರು ಕೇಳಿದರು. ನಾಲ್ಕನೇ ಇಯತ್ತೆಯಿಂದ ಕಿವಿ ಸೋರುತ್ತಿತ್ತು, ಅವ್ವ ಬೆಳ್ಳುಳ್ಳಿ ಎಣ್ಣೆ ಬಿಡುತ್ತಿದ್ದಳು ಎಂದೆ. ಹೆಣ್ಣು ನೋಡಲು ಬಂದ ದಿನ ನೀನು, ‘ಅವರನ್ನ ನಿನ್ನ ಬಲಕ್ಕ ಕುಂದ್ರಸ್ತೇನಿ, ಕಿವಿ ಸುದ್ದಿ ತಗೀಬ್ಯಾಡ’ ಎಂದದ್ದನ್ನೂ ಎಲ್ಲರೆದುರು ಹೇಳಿಬಿಟ್ಟೆ. ಕ್ಷಮಿಸು. ಆ ಗೋಡೆ ನೋಡಿ ಬಂದ ಮೇಲೆ ಸುಳ್ಳು ಹೇಳುವ ಶಕ್ತಿ ಇರಲಿಲ್ಲ.

ಎಡಗಿವಿಯ ಪರದೆ ಹರಿದಿದೆಯಂತೆ, ಆಪರೇಶನ್ ಆಗಬೇಕಂತೆ. ಬಲಗಿವಿಯೂ ಮಂದವಾಗುತ್ತಿದೆಯಂತೆ. ಅಳು ಬರಲಿಲ್ಲ.

ಬಸ್ಸಿನಲ್ಲಿ ಬೈಲಹೊಂಗಲದವರೆಗೆ ಯಾರೂ ಮಾತಾಡಲಿಲ್ಲ. ಆಡಿದರೋ ಏನೋ, ನನಗೆ ಗೊತ್ತಿಲ್ಲ. ಆಮೇಲೆ ಅತ್ತೆ ಎದ್ದು ಬಂದು ನನ್ನ ಬಲಕ್ಕೆ ಕೂತರು. ‘ಪಂಚಮಿಗೆ ನಿಮ್ಮವ್ವ ನಿನ್ನ ಕರ್ಯಾಕ ಬರ್ಲಿ. ಆಕಿ ಕೂಡ ಜಗಳ ಐತಿ ನಂದು. ಆದ್ರ ಈಗಲ್ಲ, ಆಪರೇಶನ್ ಆದಮ್ಯಾಲ. ನೀನೂ ಕೇಳಬೇಕಲ್ಲ!’

ತಪ್ಪದೆ ಬಾ ಅವ್ವಾ. ನನ್ನ ಬಲಕ್ಕೆ ಕೂತು ಜೋರಾಗಿ ಮಾತಾಡು.

ಮಲಪ್ರಭೆ ನಿನ್ನನ್ನು ತಣ್ಣಗಿಟ್ಟಿರಲಿ.

ಇನ್ನು ಮುಚ್ಚಿಡದ ನಿನ್ನ ಮಗಳು,
ಪೂನಮ್