ನಮ್ಮ ಬಿಸಿಲಿನ ಯಂತ್ರ

ಬಳಗಾನೂರು
೧೨-೪-೧೯೯೦

ಗುರುಗುಂಟಾದ ಅವ್ವನಿಗೆ ಕಸ್ತೂರಿಯ ಶರಣು.

ನೀನು ಬೇಡವೆಂದ ಕೆಲಸದಲ್ಲಿ ಚೆನ್ನಾಗಿದ್ದೇನೆ. ನಮ್ಮ ದೇಶದವರೇ ಕಟ್ಟಿದ ಟೆಲಿಫೋನ್ ಎಕ್ಸ್‌ಚೇಂಜ್ ಇಲ್ಲಿಗೆ ಬಂದಿದೆ. ಬೀರುವಿನಷ್ಟೇ ಇದೆ, ಕೆಟ್ಟರೆ ಹೊರದೇಶದವರ ದಾರಿ ಕಾಯಬೇಕಿಲ್ಲ, ನಾನೇ ತೆರೆದು ಸರಿಮಾಡುತ್ತೇನೆ. ದೆಹಲಿಯ ದನಿ ಪಕ್ಕದ ಮನೆಯಿಂದ ಬಂದಂತೆ ಕೇಳಿದಾಗ ಮೈ ಜುಮ್ಮೆಂದಿತು.

ನಿನ್ನೆ ಮಧ್ಯಾಹ್ನ ಓಣಿಯ ಹಿರಿಯ ಮುದುಕಪ್ಪ ಕಾಕಾ ಈ ಯಂತ್ರದ ಮುಂದೆ ಕೂತು ಬೀಸಣಿಗೆ ಬೀಸುತ್ತಿದ್ದರು.

"ಪಾಪ, ಇದಕ್ಕ ಶೆಕಿ ಆಗಾಕತ್ತೈತವ್ವ."

"ನಮ್ಮ ಬಿಸಿಲಿಗಂತನ ಮಾಡ್ಯಾರ ಕಾಕಾ, ತಡಕೋತೈತಿ."

"ಹಂಗಾರ ಇದು ನಮ್ಮ ಮನಿ ಕೂಸ" ಎಂದು ಅದಕ್ಕೆ ವಿಭೂತಿ ಹಚ್ಚಿದರು.

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಲಿಂಗಸುಗೂರಿನ ಹಂಪಣ್ಣ ಮಾವನ ಅಂಗಡಿಗೆ ಹೋಗು. ಅಲ್ಲಿಗೆ ಫೋನ್ ಮಾಡುತ್ತೇನೆ. ನನ್ನೊಡನೆ ಮಾತು ಬಿಟ್ಟಿದ್ದೀಯಲ್ಲ, ಬಿಟ್ಟೇ ಇರು. ಫೋನನ್ನು ಕಿವಿಗೆ ಹಿಡಿದರೆ ಸಾಕು. ನಿನ್ನ ಬಳೆಯ ಸದ್ದು ನನಗೆ ಕೇಳುತ್ತದೆ.

ನಿನ್ನ ಮಗಳು,
ಕಸ್ತೂರಿ