ಇಳಿಯುವ ಗೆರೆ

ಮಲ್ಲು,

ನಿನ್ನ ಹಡಗು ಮುಳುಗಿ ಇವತ್ತಿಗೆ ಎಂಟು ತಿಂಗಳು. ಬೆಳಿಗ್ಗೆ ನಿಮ್ಮ ಕಂಪನಿಯವನೊಬ್ಬ ತನಿಖೆಯ ವರದಿ ಹಿಡಿದು ಗಾಜಿಪುರದ ನಮ್ಮ ಮನೆಗೆ ಬಂದಿದ್ದ. ಚಹಾ ಕುಡಿಯುತ್ತ, ವರ್ಷವರ್ಷಕ್ಕೂ ಕೆಳಗಿಳಿಯುವ ಗೆರೆಯ ಒಂದು ನಕ್ಷೆ ತೋರಿಸಿದ.

"ನೋಡ್ರಿ ಅಕ್ಕಾರ, ಐದು ವರ್ಷದಿಂದ ಸಮುದ್ರದಾಗ ನಮ್ಮ ಹಡಗಿನ ಅಪಘಾತ ಕಮ್ಮಿ ಆಗಾಕತ್ಯಾವ."

"ಇದರಾಗ ನನ್ನ ತಮ್ಮ ಎಲ್ಲಿ ಅದಾನ್ರಿ?" ಎಂದೆ. ಅವನು ಗೆರೆಯ ತುದಿಗೆ, ಎಲ್ಲಕ್ಕಿಂತ ಕೆಳಗಿನ ಚುಕ್ಕೆಯ ಮೇಲೆ ಬೆರಳಿಟ್ಟ. ನನಗೆ ಮೈಯೆಲ್ಲ ಉರಿಯಿತು.

ಮುಂದಿನ ಪುಟದಲ್ಲಿ ನಿನ್ನ ಹೆಸರಿನ ಎದುರು ಬರೆದಿದ್ದರು: ಲೈಫ್ ಜಾಕೆಟ್ ಧರಿಸಿರಲಿಲ್ಲ. ತಪ್ಪೆಲ್ಲ ನಿನ್ನದೇ ಎಂಬಂತೆ! "ಅಷ್ಟು ದೊಡ್ಡ ಹಡಗಿನಾಗ ಇನ್ನೊಂದು ಜಾಕೆಟ್ ಇರಲಿಲ್ಲೇನ್ರಿ?" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ.

"ಒಬ್ಬರಿಗೆ ಒಂದೇ ಕೊಡೋದ್ರಿ. ಅವರದು ಎಲ್ಲಿ ಹೋತು, ನಮಗೂ ತಿಳೀವಲ್ದು."

ನಾನು ಅವನ ಪೆನ್ನು ಇಸಿದುಕೊಂಡೆ. ಅವನು ತೋರಿಸಿದ ಕಡೆ ಸಹಿ ಮಾಡಿ ಕಳಿಸಿದೆ.

ಬೇಸಿಗೆಯಲ್ಲಿ ರಜೆಗೆ ಬಂದಾಗ ನೀನು ಹಡಗಿನಿಂದ ತಂದಿದ್ದ ಆ ಜಾಕೆಟ್ ತೊಡಿಸಿಯೇ ಕಮಲಾಪುರದ ಹೊಲದ ಬಾವಿಯಲ್ಲಿ ನನ್ನ ಮಗಳು ಸೌಂದರ್ಯಾಗೆ ಈಜು ಕಲಿಸಿದೆ. ನೀನು ಹೊರಟ ದಿನ, ಅವಳಿಗಿರಲೆಂದು ಅದನ್ನು ನಿನ್ನ ಬ್ಯಾಗಿನಿಂದ ತೆಗೆದಿಟ್ಟವಳು ನಾನು.

"ಇಷ್ಟು ಆಳದ ಬಾವ್ಯಾಗ ಈಸು ಬಿದ್ದಾಂವ ನೀ, ನಿನಗ್ಯಾಕ ಬೇಕಿದು?" ಎಂದಿದ್ದೆ. ನೀನು ನಕ್ಕು, "ಇರಲಿ ಬಿಡಕ್ಕ, ಅಲ್ಲಿ ಇನ್ನೊಂದು ಕೇಳ್ತೀನಿ" ಎಂದಿದ್ದೆ.

ಅದು ಈಗಲೂ ಪಂಪ್‌ಸೆಟ್ ಕೋಣೆಯ ಗೂಟಕ್ಕೆ ನೇತಾಡುತ್ತಿದೆ. ಸೌಂದರ್ಯಾಗೆ ಅದು ಬೇಕಾಗಿದ್ದು ನಾಲ್ಕೇ ದಿನ.

ಅಂಜನಾ