ಭಾವನ ಕಿವಿ, ನನ್ನ ಬೀಗ

ಅಕ್ಟೋಬರ್ 3, ಸಂಜೆ

ಚಿಕ್ಕ ಬಾಯ್ಲರ್, ನಮ್ಮ ಚಿಕ್ಕವಳು, ಅವಳ ಕೊಳವೆಗಳನ್ನೆಲ್ಲ ಉಜ್ಜಿ ಮುಗಿಸಿದೆ. ಬ್ರಷ್ ಎಳೆದೂ ಎಳೆದೂ ತೋಳು ಸೋತಿದೆ. ಆದರೆ ಟಾರ್ಚ್ ಬಿಟ್ಟು ನೋಡಿದರೆ ಒಳಗೆಲ್ಲ ಫಳಫಳ. ಮಸಿ ಹೋದ ವರ್ಷಕ್ಕಿಂತ ಕಡಿಮೆ — ಬರ್ನರ್ ಸರಿಯಾಗಿ ಉರಿದಿದೆ ಅಂತ ಅರ್ಥ. ಅಂದರೆ ನಾನು ಸರಿಯಾಗಿ ಸೆಟ್ ಮಾಡಿದ್ದೆ ಅಂತ. ಬೇರೆ ಯಾರೂ ಹೊಗಳುವುದಿಲ್ಲ, ನಾನೇ ಬರೆದುಕೊಳ್ಳುತ್ತೇನೆ.

ನಾಳೆಯಿಂದ ದೊಡ್ಡವಳು. ಚಳಿಗಾಲ ಪೂರ್ತಿ ಇಡೀ ಆಸ್ಪತ್ರೆಯನ್ನು ಬೆಚ್ಚಗಿಡುವುದು ಈ ಎರಡು ಬಾಯ್ಲರ್‌ಗಳೇ. ಹೆಸರಿಟ್ಟವರು ಭಾವ. ಮನೆಯಲ್ಲಿ ಗಂಡನ ಅಣ್ಣ, ಇಲ್ಲಿ ನನ್ನ ಹೆಡ್. ಈ ಕೆಲಸ ಕಲಿಸಿದವರೂ ಅವರೇ. ನೆಲಕ್ಕೆ ಹಸಿರು ಪೇಂಟ್, ಗೋಡೆಯ ಮೇಲೆ ಒಂದೊಂದು ಸ್ಪ್ಯಾನರಿಗೂ ಅದರದೇ ಆಕಾರದ ಗುರುತು, ಹಿತ್ತಾಳೆ ವಾಲ್ವುಗಳಲ್ಲಿ ಮುಖ ನೋಡಿಕೊಳ್ಳಬಹುದು — ಎಲ್ಲ ಅವರ ಕಾರುಬಾರು.

ಲಾಂಡ್ರಿಯಾಕೆ ಬಂದಿದ್ದಳು. "ನಿಮ್ಮ ನೆಲದ ಮೇಲೆ ಹಸುಗೂಸನ್ನ ಮಲಗಿಸಬಹುದು ಬಿಡಿ," ಅಂದಳು. ಭಾವ ತಲೆಯಾಡಿಸಿ, "ಆಯ್ತು, ನಾಳೆ ರಿಪೇರಿ ಮಾಡ್ಕೊಡ್ತೀನಿ," ಅಂದರು. ಹೊಟ್ಟೆ ತುಂಬಾ ನಕ್ಕೆವು. ಅವರೂ ನಕ್ಕರು. ಒಂದು ಗಳಿಗೆ ತಡವಾಗಿ.

ಅಕ್ಟೋಬರ್ 5

ಬಾಯ್ಲರಿನಲ್ಲಿ ನೀರು ಕಡಿಮೆಯಾದರೆ ಕೂಗುವ ಅಲಾರಂ — ಅದರ ಪರೀಕ್ಷೆ ಇವತ್ತು. ನೀರು ಹೊರಗೆ ಬಿಟ್ಟೆ. ಕೂಗಿತು. ಕಿವಿ ಕಿತ್ತು ಹೋಗುವಂಥ ಕೂಗು. ಭಾವ ಅಲ್ಲೇ ಬೆನ್ನು ಮಾಡಿಕೊಂಡು ಹಿತ್ತಾಳೆ ಉಜ್ಜುತ್ತಿದ್ದರು. ತಿರುಗಲಿಲ್ಲ. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ನಾನೂ ಸುಮ್ಮನೆ ನಿಂತೆ. ಉಜ್ಜುತ್ತಲೇ ಇದ್ದರು. ಕೊನೆಗೆ ವಾಲ್ವಿನ ಹೊಳಪಿನಲ್ಲಿ ಕೆಂಪು ದೀಪ ಕಂಡಿರಬೇಕು, ಬೆಚ್ಚಿ ತಿರುಗಿದರು.

"ಯಾವಾಗಿಂದ ಬಡ್ಕೋತಿದೆ ಇದು?"

"ಈಗ ತಾನೇ ಭಾವ," ಅಂದೆ.

ಸುಳ್ಳು ಯಾಕೆ ಹೇಳಿದೆನೋ. ಪಂಪಿನ ಬೇರಿಂಗ್ ಹೇಗಿದೆ ಅಂತ ಅವರು ಯಾವಾಗಲೂ ಸದ್ದು ಕೇಳಿ ಅಲ್ಲ, ಅಂಗೈ ಇಟ್ಟು ಹೇಳುತ್ತಾರೆ. ಅನುಭವ ಅಂದುಕೊಂಡಿದ್ದೆ. ಅನುಭವವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ...

ಅಕ್ಟೋಬರ್ 6

ಕೆಳಗಿನ ಮನೆಗೆ ಹೋಗಿ ಅಕ್ಕನನ್ನು ಕೇಳಿದೆ. ಭಾವನ ಹೆಂಡತಿ, ಓರಗಿತ್ತಿಯಾದರೂ ಬಾಯ್ತುಂಬ ಅಕ್ಕ ಅಂತಲೇ ಕರೆಯುವುದು. ಟೀವಿ ಶಬ್ದ ಬೀದಿಗೆ ಕೇಳುತ್ತಿತ್ತು.

"ಭಾವನಿಗೆ ಕಿವಿ ಮಂದ ಆಗಿದೆಯಾ ಅಕ್ಕ?"

ಕಾಳು ಆರಿಸುತ್ತಿದ್ದ ಕೈ ನಿಂತಿತು. "ನಿನಗೆ ಯಾರು ಹೇಳಿದ್ರು?"

ಅಷ್ಟು ಸಾಕಾಯಿತು. ಗೊತ್ತಿದ್ದು ಮುಚ್ಚಿಟ್ಟಿದ್ದಾರೆ. ಮದುವೆ ಮನೆಗಳಲ್ಲಿ ಪಕ್ಕದಲ್ಲೇ ಕೂತು ಎಲ್ಲ ಮಾತನ್ನೂ ಇನ್ನೊಮ್ಮೆ ಹೇಳುವುದು ಇದಕ್ಕೇ. ನಾನೋ, ಎಂಥ ಪ್ರೀತಿ ಅಂತ ಹೊಟ್ಟೆ ಉರಿದುಕೊಳ್ಳುತ್ತಿದ್ದೆ.

"ರಿಟೈರ್ ಆಗೋಕೆ ಇನ್ನೆಷ್ಟು ದಿನ ಹೇಳು. ಕಂಡೂ ಕಾಣದ ಹಾಗೆ ಇರಬಾರದಾ?" ಅಂದರು.

ಬೇರೆ ಕೆಲಸವಾಗಿದ್ದರೆ ಇರುತ್ತಿದ್ದೆ. ಬಾಯ್ಲರ್ ಸರ್ವೀಸ್ ಮುಗಿಯಲಿ, ಭಾವನ ಹತ್ತಿರ ಒಬ್ಬಳೇ ಕೂತು ಮಾತಾಡುತ್ತೇನೆ.

ಅಕ್ಟೋಬರ್ 9, ಮಧ್ಯಾಹ್ನ

ಬರೆದುಬಿಡಬೇಕು.

ದೊಡ್ಡವಳ ಕೆಲಸ ಮುಗಿದಿತ್ತು. ಹಿಂದಿನ ಬಾಗಿಲು ಮುಚ್ಚಬೇಕು, ಅಷ್ಟರಲ್ಲಿ ಒಳಗಿನ ಇಟ್ಟಿಗೆಯಲ್ಲಿ ಬಿರುಕು ಕಂಡ ಹಾಗಾಯಿತು. ಭಾವ ಮುಂದುಗಡೆ ಪ್ಯಾನಲ್ ಹತ್ತಿರ. ಅಲ್ಲಿಂದ ಹಿಂದಿನ ಬಾಗಿಲು ಕಾಣುವುದಿಲ್ಲ. ಪಕ್ಕದಿಂದ ಇಣುಕಿ ಕೂಗಿ ಹೇಳಿದೆ, "ಇನ್ನೊಂದ್ಸಲ ಒಳಗೆ ಹೋಗ್ತೀನಿ ಭಾವ, ಆನ್ ಮಾಡ್ಬೇಡಿ." ತಲೆಯಾಡಿಸಿದರು. ತೂರಿಕೊಂಡೆ.

ಬಿರುಕೇ. ಕೂದಲೆಳೆಯಷ್ಟು. ಬೆರಳಿಂದ ಸವರಿ ನೋಡುತ್ತಿದ್ದೇನೆ — ಮುಂದುಗಡೆಯಿಂದ ಟಕ್. ಸ್ಟಾರ್ಟ್ ಬಟನ್. ಮತ್ತೆ ಟಕ್. ಟಕ್ ಟಕ್.

ಮೊದಲು ಫ್ಯಾನ್ ತಿರುಗಬೇಕು, ಆಮೇಲೆ ಬೆಂಕಿ. ಜೇಬು ಮುಟ್ಟಿಕೊಂಡೆ. ಕೀ ಅಲ್ಲೇ ಇತ್ತು. ಗೋಡೆಯ ಮೇಲೆ ಆಫ್ ಮಾಡಿಟ್ಟ ಮೇನ್ ಸ್ವಿಚ್ಚಿಗೆ ನನ್ನ ಕೆಂಪು ಬೀಗ. ಕೀ ನನ್ನ ಜೇಬಿನಲ್ಲಿರುವ ತನಕ ದೊಡ್ಡವಳು ಉಸಿರೆತ್ತುವ ಹಾಗಿಲ್ಲ. ಈ ನಿಯಮ ಮಾಡಿದವರೂ ಭಾವನೇ. ಮೊದಮೊದಲು ನಾನು ಮರೆತಾಗ ಬೈದು ಬೈದು ಅಭ್ಯಾಸ ಮಾಡಿಸಿದ್ದು.

ಬಟನ್ ಸದ್ದು ನಿಂತಿತು. ಕರೆಂಟ್ ಯಾಕಿಲ್ಲ ಅಂತ ನೋಡಲು ಮೇನ್ ಸ್ವಿಚ್ಚಿನ ಕಡೆ ಹೋದರು, ಹೆಜ್ಜೆ ಕೇಳಿಸಿತು. ಅಲ್ಲಿ ನನ್ನ ಬೀಗ ನೋಡಿದ್ದಾರೆ. ಆಮೇಲೆ ಓಡಿ ಬರುವ ಸದ್ದು.

ಬಾಗಿಲಲ್ಲಿ ಅವರ ಮುಖ. ಹಾಗೆ ಬಿಳಿಚಿದ ಮುಖ ನಾನು ನೋಡಿಲ್ಲ. ನಾನು ಹೊರಗೆ ಬರುವಷ್ಟರಲ್ಲಿ ಮಸಿ ಚೆಲ್ಲಿದ ನೆಲದ ಮೇಲೆ ಹಾಗೇ ಕುಸಿದು ಕೂತಿದ್ದರು.

"ಆನ್ ಮಾಡಿ ಅಂದ್ಯಲ್ಲಮ್ಮ..."

"ಮಾಡ್ಬೇಡಿ ಅಂದೆ ಭಾವ."

ನನ್ನ ತುಟಿಯನ್ನೇ ನೋಡುತ್ತಿದ್ದರು. ಇನ್ನೊಮ್ಮೆ ಬಿಡಿಸಿ ಹೇಳಿದೆ. ಕಣ್ಣು ತುಂಬಿಕೊಂಡಿತು, ಅವರದು.

"ಎಡಗಿವಿ ಹೋಗಿ ತುಂಬಾ ದಿನ ಆಯ್ತು. ಬಲಗಿವೀಲಿ ಹೇಗೋ ನಡೀತಿತ್ತು... ನಡೀತಿದೆ ಅಂದ್ಕೊಂಡಿದ್ದೆ."

ನೀರು ಕುಡಿಸಿದೆ. ನಾನೂ ಕುಡಿದೆ. ಮೆತ್ತಗೆ ಮಾತಾಡಿ ಪ್ರಯೋಜನವಿಲ್ಲವಲ್ಲ, ಎದುರಿಗೇ ಕೂತು ಗಟ್ಟಿಯಾಗಿ ಹೇಳಿದೆ. "ಮೇಲೆ ಕಿವಿ ಡಾಕ್ಟರಿದಾರೆ. ಅವರ ಹತ್ರ ಹೋಗಿ. ಆಮೇಲೆ ಇಂಜಿನಿಯರ್ ಮೇಡಂ ಹತ್ರ. ನೀವೇ ಹೇಳಿ. ನೀವು ಹೇಳದಿದ್ರೆ ನಾನು ಹೇಳ್ತೀನಿ."

"ಹೆದರಿಸ್ತಿದೀಯಾ ನನ್ನ?"

"ಇಲ್ಲ ಭಾವ. ಹೇಳ್ತಿದೀನಿ, ಅಷ್ಟೇ."

ಎದ್ದು ಹೋದರು. ಕೈ ಕೂಡ ತೊಳೆಯದೆ.

ಅಕ್ಟೋಬರ್ 10

ಭಾವ ರಜೆ. ಬಿರುಕು ತುಂಬಿಸಿ, ಹೊಸ ಗ್ಯಾಸ್ಕೆಟ್ ಹಾಕಿ, ಬಾಗಿಲು ನಾನೇ ಮುಚ್ಚಿದೆ. ಬೋಲ್ಟುಗಳನ್ನು ಎದುರುಬದುರಾಗಿ ಬಿಗಿಯುತ್ತಾ ಬಂದೆ, ಒಂದೇ ಕಡೆ ಒತ್ತಡ ಬೀಳದ ಹಾಗೆ. ಚೆನ್ನಾಗಿ ಕೂತಿತು.

ಸಂಜೆ ಅಕ್ಕ ಮೆಟ್ಟಿಲು ಹತ್ತಿ ಬಂದರು, ಮುಖ ಗಂಟಿಕ್ಕಿಕೊಂಡು. "ಅನ್ನ ಹಾಕಿದ ಕೆಲಸ ಕಣೇ ಅದು. ನಿನಗೆ ಕಲಿಸಿದ್ದಕ್ಕೆ ಇದಾ ಬಹುಮಾನ? ಏನೋ ಸ್ವಿಚ್ ತಪ್ಪಾಗಿ ಒತ್ತಿದ್ರಂತೆ, ಅಷ್ಟಕ್ಕೇ..."

"ನಾನು ಒಳಗಿದ್ದೆ ಅಕ್ಕ."

"ಯಾವುದರ ಒಳಗೆ?"

"ಬಾಯ್ಲರ್ ಒಳಗೆ."

ನನ್ನ ಮಣಿಕಟ್ಟು ಹಿಡಿದುಕೊಂಡರು, ಬಿಡಲಿಲ್ಲ. "ಅದನ್ನ ಹೇಳ್ಲೇ ಇಲ್ಲ ನನ್ಗೆ," ಅಂದರು. ಕಾಫಿ ಕುಡಿಯದೆ ಇಳಿದು ಹೋದರು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಅಕ್ಕನ ದನಿ. ಇವತ್ತು ಭಾವನಿಗೆ ಕೇಳದೆ ಉಳಿದಿರಲಾರದು.

ಅಕ್ಟೋಬರ್ 15

ಹೋದರು! ನನಗೂ ಹೇಳದೆ, ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು. ಕಿವಿ ಡಾಕ್ಟರು ಅವರನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಶಬ್ದ ಕೇಳಿದಾಗ ಕೈ ಎತ್ತಿ ಅಂದರಂತೆ. "ಶಾಲೆಯಲ್ಲೂ ಇಷ್ಟು ಸಲ ಕೈ ಎತ್ತಿರಲಿಲ್ಲ. ಎತ್ತಿದ್ದರಲ್ಲಿ ಅರ್ಧ ಊಹೆ," ಅಂದರು. ನಗಲಾ ಬೇಡವಾ ಅಂತ ನೋಡಿದೆ. ಅವರೇ ನಕ್ಕರು.

ಇಂಜಿನಿಯರ್ ಮೇಡಂಗೂ ತಾವೇ ಹೇಳಿದ್ದಾರೆ. ಮೇಡಂ ತೀರ್ಮಾನ — ಭಾವ ಇಲ್ಲೇ ಇರಬಹುದು. ಪಂಪು, ವಾಲ್ವು, ಪೈಪು ಅವರದೇ. ಬಾಯ್ಲರ್ ಹೊತ್ತಿಸುವುದು, ಆರಿಸುವುದು ಮಾತ್ರ ಇನ್ನು ಮೇಲೆ ನನ್ನ ಜವಾಬ್ದಾರಿ. ಅಂದರೆ ಹೆಡ್ ನಾನು. ನನಗೆ ಆಗುತ್ತದಾ ಅಂತ ಕೇಳಿದರು. ಆಗುತ್ತದೆ ಅಂದೆ. ನಾಚಿಕೊಂಡು ಸುತ್ತಿ ಬಳಸಿ ಹೇಳುವುದಕ್ಕೆ ಏನಿದೆ, ಆಗುತ್ತದೆ.

ಖುಷಿಯಾಯಿತು. ಭಾವನ ಮುಖ ನೋಡುವಾಗ ಮಾತ್ರ ಖುಷಿಯನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಅಕ್ಟೋಬರ್ 22

ಭಾವನಿಗೆ ಮಷೀನ್ ಬಂತು, ಎರಡೂ ಕಿವಿಗೆ. ಹಾಕಿಕೊಂಡು ಬಾಯ್ಲರ್ ರೂಮಿನ ಬಾಗಿಲು ತೆಗೆದವರು ಅಲ್ಲೇ ನಿಂತುಬಿಟ್ಟರು. ಓಡುತ್ತಿದ್ದದ್ದು ಚಿಕ್ಕವಳೊಬ್ಬಳೇ.

"ಇಷ್ಟು ಗಲಾಟೇನಾ ಇಲ್ಲಿ!"

ಒಂದೊಂದು ಪಂಪಿನ ಹತ್ತಿರವೂ ಹೋಗಿ ನಿಂತರು. ಹಳೇ ಸ್ನೇಹಿತರನ್ನು ಮಾತಾಡಿಸಿದ ಹಾಗೆ. ನಾನು ನನ್ನ ಪಾಡಿಗೆ ಬರ್ನರ್ ಒರೆಸುತ್ತಿದ್ದೆ. ಹಿಂದೆ ಬಂದು ನಿಂತರು.

"ನೀನು ಹಾಡ್ಕೊಂಡು ಕೆಲಸ ಮಾಡ್ತೀಯಾ?"

"ಮೊದಲಿಂದಾನೂ."

ಸ್ವಲ್ಪ ಹೊತ್ತು ಕೇಳಿಸಿಕೊಂಡರು. "ಅಷ್ಟೇನು ಚೆನ್ನಾಗಿಲ್ಲ ಕಣಮ್ಮ," ಅಂದರು.

ಅಕ್ಟೋಬರ್ 27, ಬೆಳಿಗ್ಗೆ

ಇವತ್ತು ದೊಡ್ಡವಳನ್ನು ಹೊತ್ತಿಸುವ ದಿನ. ಹೊರಗೆ ಉಸಿರು ಬಿಟ್ಟರೆ ಹೊಗೆ. ಮೇಲೆ ಹೆರಿಗೆ ವಾರ್ಡಿನಲ್ಲಿ ಎಲ್ಲ ಹಾಸಿಗೆ ಭರ್ತಿ.

ನೀರು ನೋಡಿದೆ, ಗ್ಯಾಸ್ ಲೈನ್ ನೋಡಿದೆ. ಕಿಂಡಿಯಿಂದ ಒಳಗೆ ಟಾರ್ಚ್ ಬಿಟ್ಟು ನೋಡಿ, ಬಾಗಿಲಿನ ಬೋಲ್ಟುಗಳನ್ನು ಮುಟ್ಟಿಕೊಂಡು ಬಂದೆ. ನನ್ನ ಬೀಗ ತೆಗೆದೆ. ಭಾವ ಪಕ್ಕಕ್ಕೆ ಸರಿದು ನಿಂತರು, ನಾನು ಯಾವಾಗಲೂ ನಿಲ್ಲುತ್ತಿದ್ದ ಜಾಗದಲ್ಲಿ. ಎಷ್ಟೋ ವರ್ಷ ಅವರು ಹೇಳುತ್ತಿದ್ದದ್ದನ್ನು ಇವತ್ತು ನಾನು ಹೇಳಬೇಕು.

"ರೆಡಿನಾ ಭಾವ?"

"ರೆಡಿ. ಒತ್ತಿ ಮೇಡಂ."

ಕಣ್ಣಲ್ಲಿ ತುಂಟತನ. ದನಿಯಲ್ಲಿ ಮಾತ್ರ ತುಂಟತನ ಇರಲಿಲ್ಲ. ಒತ್ತಿದೆ. ಫ್ಯಾನ್, ಆಮೇಲೆ ಕಿಡಿ, ಆಮೇಲೆ ಧುಪ್ಪೆಂದು ಬೆಂಕಿ ಹಿಡಿಯಿತು. ಕಿಂಡಿಯಲ್ಲಿ ನೀಲಿ ಜ್ವಾಲೆ, ಅಲುಗದೆ. ಭಾವ ಕಣ್ಣು ಮುಚ್ಚಿಕೊಂಡು ನಿಂತಿದ್ದರು. ಕೇಳುತ್ತಿದ್ದರು.

ಈಗ ಮೇಜಿನ ಹತ್ತಿರ ಕೂತು ಬರೆಯುತ್ತಿದ್ದೇನೆ. ಒತ್ತಡದ ಮುಳ್ಳು ನಿಧಾನವಾಗಿ ಏರುತ್ತಿದೆ. ಫೋನ್ ಬಂತು. ಏಳಲು ಹೊರಟೆ, ಭಾವ ಕೈ ಅಡ್ಡ ಹಿಡಿದು ತಾವೇ ಎತ್ತಿಕೊಂಡರು. ಫೋನಿನ ಹತ್ತಿರ ಸುಳಿಯದೆ ಎಷ್ಟು ವರ್ಷವಾಗಿತ್ತೋ. ಹೆರಿಗೆ ವಾರ್ಡಿನ ಸಿಸ್ಟರ್ ಇರಬೇಕು. "ಬೆಚ್ಚಗಾಯ್ತಾ? ಹಾಂ? ಮಕ್ಕಳೆಲ್ಲ ಮಲಗಿದ್ರಾ?" ಅಂತ ಕಟ್ಟಡವೆಲ್ಲ ಕೇಳುವ ಹಾಗೆ ಕೂಗುತ್ತಿದ್ದಾರೆ. ಆ ಕಡೆಯಿಂದ ಅಳು ಶುರುವಾಯಿತು, ನನಗೂ ಕೇಳಿಸುತ್ತಿದೆ, ಒಂದಲ್ಲ, ಒಟ್ಟಿಗೆ ಮೂರು ನಾಲ್ಕು. ಭಾವ ಫೋನ್ ಇಡುತ್ತಿಲ್ಲ. ಕಿವಿಗೆ ಇನ್ನಷ್ಟು ಒತ್ತಿಕೊಂಡು, ಬಾಯಿ ತೆರೆದುಕೊಂಡು ಹಾಗೇ ಕೇಳುತ್ತಿದ್ದಾರೆ —